ನಿಂತು ನೋಡಿ ಓಡುವವರು

ನಮ್ಮ ಮನೆಯಲ್ಲೊಂದು ಚೆಂಡಿದೆ. ಚೆಂಡಾಗಿ ಹುಟ್ಟಿಯೂ ನೆಟ್ಟಗೆ ಉರುಳಲು ಬಾರದ ಚೆಂಡು. ಎರಡೂ ತುದಿ ಚೂಪು, ನಡುವೆ ಹೊಟ್ಟೆ, ಬೆನ್ನಿನ ಮೇಲೆ ಬೂಟಿಗೆ ಹಾಕಿದಂಥ ದಪ್ಪ ಲೇಸು. ಕೈಬಿಟ್ಟರೆ ಎತ್ತ ಪುಟಿಯುತ್ತದೆಂದು ನಮಗಂತೂ ತಿಳಿಯುವುದಿಲ್ಲ, ಅದಕ್ಕಾದರೂ ತಿಳಿದಿದೆಯೋ ಇಲ್ಲವೋ. ಮೊನ್ನೆ ಭಾನುವಾರ ಕಪಾಟಿನ ಧೂಳು ಒರೆಸುವಾಗ ಇದು ಕೈಗೆ ಬಂತು. ಲೇಸಿನ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿ ಕೂತಿತ್ತು. ಶಿಕ್ಷಣ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು ನಾನು. ಯಾವುದರ ಮೇಲೆ ಕಲೆ ಕಂಡರೂ ಕೈ ತುರಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ತಂದು ತಿಕ್ಕತೊಡಗಿದೆ.

ಮಗಳು ಸುಜಾತಾ ಕಾಲೇಜಿನ ಪುಸ್ತಕದಿಂದ ತಲೆ ಎತ್ತಿ ನೋಡಿದಳು. "ಅಪ್ಪಾ, ಅದನ್ನ ತೆಗೀಬ್ಯಾಡ. ಅದು ಅತ್ತಿ ಮಾಡಿದ ಸಂಡಿಗಿ ಹಿಟ್ಟು," ಎಂದಳು.

ಬ್ರಷ್ ಕೆಳಗಿಟ್ಟೆ. ಅಮೆರಿಕನ್ ಫುಟ್‌ಬಾಲಿನ ಲೇಸಿನೊಳಗೆ ಉಪ್ಪಿನಬೆಟಗೇರಿಯ ನಮ್ಮ ಅಕ್ಕನ ಸಂಡಿಗೆ ಹಿಟ್ಟು ಹೇಗೆ ಹೊಕ್ಕಿತು ಎಂದು ನೀವು ಕೇಳಬಹುದು. ಕೇಳಲು ಸ್ವಲ್ಪ ಪುರಸೊತ್ತು ಬೇಕು. ಇದ್ದರೆ ಕೂತುಕೊಳ್ಳಿ, ಒಳಗೆ ಚಹಾ ಕುದಿಯುತ್ತಿದೆ.

ಎರಡು ವರ್ಷದ ಹಿಂದೆ ಸುಜಾತಾ ಬಂದು, "ನಾ ಫುಟ್‌ಬಾಲ್ ಟೀಮಿಗೆ ಸೇರೇನಿ," ಎಂದಾಗ ನಾನು ಬಹಳ ಉತ್ಸಾಹದಿಂದ ಪೇಟೆಗೆ ಹೋಗಿ ಮೊಣಕಾಲಿನವರೆಗೆ ಬರುವ ಪಟ್ಟೆಪಟ್ಟೆಯ ಕಾಲುಚೀಲ ತಂದುಕೊಟ್ಟೆ. ಮೊದಲ ಪಂದ್ಯ ನೋಡಲು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮೈದಾನದಲ್ಲಿ ಹುಡುಗಿಯರು ಭುಜದ ಮೇಲೆ ದಿಂಬು ಕಟ್ಟಿಕೊಂಡು, ಮುಖಕ್ಕೆ ಕಿಟಕಿಯ ಸರಳಿನಂಥದ್ದು ಇರುವ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಒಬ್ಬಳು ಚೆಂಡನ್ನು ಬಗಲಲ್ಲಿ ಅವಚಿಕೊಂಡು ಓಡತೊಡಗಿದಾಗ ನಾನು ಎದ್ದು ನಿಂತು, "ಒದಿಯವ್ವಾ, ಕಾಲಿಲೆ ಒದಿ," ಎಂದು ಕೂಗಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. "ಇದು ಆ ಫುಟ್‌ಬಾಲ್ ಅಲ್ಲಂತರಿ, ಕುಂದ್ರರಿ," ಎಂದು ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಎಳೆದಳು. ಕಾಲಿಗೆ ಹೆಚ್ಚಾಗಿ ಓಡುವ ಕೆಲಸವಷ್ಟೇ ಇರುವ ಆಟಕ್ಕೆ ಫುಟ್‌ಬಾಲ್ ಎಂದು ಯಾಕೆ ಹೆಸರಿಟ್ಟರೋ, ಇಟ್ಟವರನ್ನೇ ಕೇಳಬೇಕು.

ಆಟ ಕಲಿಸುವವನು ನಜೀರ್ ಭಾಯಿ. ಗೋಕುಲ ರಸ್ತೆಯಲ್ಲಿ ಅವನದೊಂದು ಸ್ಕೂಟರ್ ಗ್ಯಾರೇಜ್ ಇದೆ. ಹರೆಯದಲ್ಲಿ ಎಲ್ಲೋ ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಹುಡುಗರ ಜೊತೆ ಈ ಆಟ ಆಡಿದನಂತೆ, ಮರುಳಾದನಂತೆ. ಊರಿಗೆ ಮರಳಿದ ಮೇಲೆ ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ಹುಡುಗಿಯರಿಗೆ ಕಲಿಸುತ್ತಾನೆ, ಹತ್ತು ಗಂಟೆಗೆ ಬಂದು ಗ್ಯಾರೇಜಿನ ಬಾಗಿಲು ತೆಗೆಯುತ್ತಾನೆ. ಗೋಡೆಯ ಮೇಲೆ ಸ್ಪ್ಯಾನರುಗಳ ಸಾಲಿನಲ್ಲೇ ಒಂದು ಸರಳಿನ ಹೆಲ್ಮೆಟ್ ನೇತುಹಾಕಿದ್ದಾನೆ. ಹೊಸ ಗಿರಾಕಿಗಳು ಅದನ್ನು ಸ್ಕೂಟರಿನದೆಂದೇ ತಿಳಿದು, "ಇದರಾಗ ಎಲಿ ಅಡಕಿ ಉಗುಳಾಕ ಬರ್ತೈತೇನು?" ಎಂದು ವಿಚಾರಿಸುತ್ತಾರೆ.

ಆಟದ ನೇಮ ನನಗೆ ತಿಳಿದಷ್ಟು ಹೇಳುತ್ತೇನೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಿನವರ ಪಾಲು. ಚೆಂಡು ಹಿಡಿದು ಓಡುವವಳಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಅವಳ ಮುಂದೆ ಐದು ಜನ ಸಾಲಾಗಿ ಬಗ್ಗಿ ನಿಂತಿರುತ್ತಾರೆ. ಎದುರಿನವರನ್ನು ತಮ್ಮ ಮೈಯಿಂದ ತಡೆದು, ನೂಕಿ, ಓಡುವವಳಿಗೆ ಹಾದಿ ಮಾಡಿಕೊಡುವುದು ಅವರ ಕೆಲಸ. ಅದು ಬ್ಲಾಕಿಂಗ್. ಚೆಂಡು ಅವರ ಕೈಗೆ ಬರುವುದೇ ಇಲ್ಲ ಎಂದರೂ ನಡೆಯುತ್ತದೆ. ಆಟ ಮುಗಿದ ಮೇಲೆ ಓಡಿದವಳ ಹೆಸರು ಎಲ್ಲರ ಬಾಯಲ್ಲಿ ಇರುತ್ತದೆ, ಹಾದಿ ಮಾಡಿಕೊಟ್ಟವರು ಮೈಗೆ ಹತ್ತಿದ ಮಣ್ಣು ಜಾಡಿಸುತ್ತ ನೀರಿನ ಬಾಟಲಿ ಹುಡುಕುತ್ತಿರುತ್ತಾರೆ.

ತಂಡದಲ್ಲಿ ಓಡುವವಳು ಮುಗದ ಊರಿನ ಲಕ್ಷ್ಮಿ. ಗಟ್ಟಿಮುಟ್ಟಾದ ಹುಡುಗಿ. ಚೆಂಡು ಕೈಗೆ ಬಂದದ್ದೇ ತಡ, ಬಾಣದಂತೆ ಹೊರಡುತ್ತಿದ್ದಳು. ಹಿಂದೆ ಮುಂದೆ ನೋಡುವ ಜಾಯಮಾನ ಅವಳದಲ್ಲ. ನಜೀರ್ ಭಾಯಿ ಇಡೀ ತಂಡದ ಬ್ಲಾಕಿಂಗನ್ನು ಅವಳಿಗೆಂದೇ ಕಟ್ಟಿದ್ದ. ನಮ್ಮ ಸುಜಾತಾ ಅಂಚಿನಲ್ಲಿ ನಿಂತು ಸರದಿ ಕಾಯುವವಳು. ಲಕ್ಷ್ಮಿಯ ಕಾಲು ಉಳುಕಿದ್ದರಿಂದ ಒಂದು ಸಲ ಬೆಳಗಾವಿಯ ಹುಡುಗಿಯರ ಎದುರು ಚೆಂಡು ಇವಳ ಕೈಗೆ ಬಂತು.

ಆ ದಿನ ನಾನು ನೋಡಿದ್ದು ಇಷ್ಟು. ಚೆಂಡು ಕೈಗೆ ಬರುತ್ತದೆ, ಸುಜಾತಾ ಎರಡು ಹೆಜ್ಜೆ ಇಡುತ್ತಾಳೆ, ನಿಲ್ಲುತ್ತಾಳೆ. ಅಷ್ಟರೊಳಗೆ ಬೆಳಗಾವಿಯ ಮೂವರು ಬಂದು ಅವಳ ಮೇಲೆ ಬೀಳುತ್ತಾರೆ. ಮತ್ತೆ ಚೆಂಡು, ಮತ್ತೆ ಎರಡು ಹೆಜ್ಜೆ, ಮತ್ತೆ ನಿಲ್ಲುವುದು. ಎಷ್ಟೋ ಸಲ ಹೊರಟ ಜಾಗಕ್ಕಿಂತ ಹಿಂದೆಯೇ ಬಿದ್ದಳು. ಯಾರೋ ಹಿಂದಿನಿಂದ, "ಏ, ಬಸ್ ಕಾಯಾಕತ್ತಾಳ ನೋಡಲೆ," ಎಂದರು. ನಗು ಎದ್ದಿತು. ನನ್ನ ಕಿವಿ ಕಾದವು.

ಮನೆಗೆ ಬರುವಾಗ ಸ್ಕೂಟರಿನ ಮೇಲೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಗರಜು ಬೀಳುತ್ತಿರಲಿಲ್ಲ.

"ಮುಂದ ಹಾದಿ ಬಿದ್ದಿತ್ತಲ್ಲ, ಯಾಕ ನಿಂತಿ?"

"ನಾ ನಿಂತಿಲ್ಲಪ್ಪಾ."

"ಕಣ್ಣಾರೆ ನೋಡೇನಿ. ಅಂಜತಿ ನೀ. ಸಣ್ಣಾಕಿ ಇದ್ದಾಗಿಂದನೂ ಹಿಂಗ. ಸಾಲಿಗೆ ಹೋಗೂದಕ್ಕೂ ಬಾಗಲದಾಗ ನಿಂತು ನೋಡಾಕಿ. ಹಿಂಗ ನಿಂತ್ರ ಮುಂದ ಜೀವನದಾಗೂ ಹಿಂದನ ಉಳೀತಿ."

ನೋಡಿ, ಅಪ್ಪಂದಿರ ಚಾಳಿಯೇ ಇದು. ಎರಡು ಹೆಜ್ಜೆಯ ವಿಷಯದಿಂದ ಶುರುಮಾಡಿ ಇಡೀ ಜೀವನಕ್ಕೆ ಹೋಗಿ ಮುಟ್ಟುತ್ತೇವೆ. ಮರುದಿನ ಬೆಳಗ್ಗೆ ಐದೂವರೆಗೆ ಅವಳ ಅಲಾರಾಂ ಹೊಡೆಯಲಿಲ್ಲ. ಹೆಲ್ಮೆಟ್ಟನ್ನೂ ಭುಜದ ದಿಂಬನ್ನೂ ಗೆಳತಿಯ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಮನೆಯಲ್ಲಿ ರೂಢಿ ಮಾಡಲು ನಜೀರ್ ಭಾಯಿ ಕೊಟ್ಟಿದ್ದ ಹಳೆಯ ಚೆಂಡನ್ನು ಕಪಾಟಿನ ಮೇಲೆ, ಕೈಗೆ ಎಟುಕದಷ್ಟು ಹಿಂದೆ, ಗೋಡೆಗೆ ಒತ್ತಿ ಇಟ್ಟಿದ್ದಳು. ಹೆಂಡತಿ ಕೇಳಿದಾಗ, "ನನ್ನ ಕಡೆ ಆಗೂದಿಲ್ಲ ಅಂತ ಎಲ್ಲಾರಿಗೂ ಗೊತ್ತಾತಲ್ಲ, ಸಾಕು," ಎಂದಳಂತೆ. ನಾನು ಅವಳನ್ನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಾನಾದರೂ ಅಂಥ ಮಾತು ಆಡಿದ್ದು ಯಾವ ಧೈರ್ಯದ ಮೇಲೆ? ನಾನು ಯಾವತ್ತೂ ನಿಂತವನಲ್ಲ, ಅದು ನಿಜ. ಆದರೆ ನಿಲ್ಲದೆ ಹೋಗಲು ನನಗೆ ಹೇಗೆ ಸಾಧ್ಯವಾಯಿತು ಎನ್ನುವುದನ್ನು ಹೇಳಬೇಕಾದರೆ ಉಪ್ಪಿನಬೆಟಗೇರಿಯ ಬಸ್ಸಿನವರೆಗೆ ಹಿಂದೆ ಹೋಗಬೇಕು.

ನಮ್ಮಪ್ಪ ಕೂಲಿ ಮಾಡುತ್ತಿದ್ದ. ಓದಿದರೆ ಮಾತ್ರ ನಮ್ಮ ಮಂದಿಗೆ ದಿಕ್ಕು ಎಂದು ಅವನ ತಲೆಯಲ್ಲಿ ಕೂತಿತ್ತು. ಐದನೆಯ ತರಗತಿಗೆ ನನ್ನನ್ನು ಧಾರವಾಡದ ಶಾಲೆಗೆ ಹಾಕಿದ. ನನಗಿಂತ ಏಳು ವರ್ಷ ದೊಡ್ಡವಳಾದ ರತ್ನಕ್ಕ ಏಳನೆಯ ತರಗತಿಗೇ ಓದು ಬಿಟ್ಟವಳು, ಆಗ ಧಾರವಾಡದಲ್ಲೇ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಇಬ್ಬರಿಗೂ ಒಂದೇ ಬಸ್ಸು. ಅದು ನಮ್ಮೂರಿಗೆ ಬರುವಷ್ಟರಲ್ಲೇ ತುಂಬಿರುತ್ತಿತ್ತು. ಬಸ್ಸು ಕಂಡೊಡನೆ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ತುದಿ ನನ್ನ ಕೈಗೆ ಕೊಟ್ಟು, "ಬಿಡಬ್ಯಾಡ," ಎನ್ನುತ್ತಿದ್ದಳು. ಬುತ್ತಿಯ ಡಬ್ಬಿಯನ್ನು ಎದೆಯ ಮುಂದೆ ಹಿಡಿದು, "ಸರೀರಿ, ಸಾಲಿ ಹುಡುಗ ಅದಾನ," ಎನ್ನುತ್ತ ನುಗ್ಗಿದಳೆಂದರೆ ಎಂಥ ಗಂಡಸರೂ ಬದಿಗೆ ಸರಿಯುತ್ತಿದ್ದರು. ಒಂದು ಸೀಟು ಸಿಕ್ಕರೆ ಅದು ನನ್ನದು. ನಾನು ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ, ಅವಳು ಕಂಬ ಹಿಡಿದು ನಿಂತಿರುತ್ತಿದ್ದಳು.

ನನಗೆ ಆ ವರ್ಷಗಳಲ್ಲಿ ಕಂಡದ್ದು ಅವಳ ಬೆನ್ನು ಮಾತ್ರ. ನೀಲಿ ಜಂಪರು, ಅದರ ಮೇಲೆ ಬೆವರಿನ ಗುರುತು, ಅವಳೇ ಹೊಲಿದುಕೊಂಡ ಓರೆ ಹೊಲಿಗೆ. ಮುಂದೆ ಏನಿದೆಯೆಂದು ನಾನು ಒಮ್ಮೆಯೂ ಇಣುಕಿ ನೋಡಲಿಲ್ಲ. ಇದರ ಫಲವನ್ನೂ ಒಂದು ಸಲ ಉಂಡೆ. ಸಂಜೆ ಧಾರವಾಡದ ನಿಲ್ದಾಣದಲ್ಲಿ ಗದ್ದಲದೊಳಗೆ ಸೆರಗು ಕೈತಪ್ಪಿತು. ತಕ್ಷಣ ಕಂಡ ಇನ್ನೊಂದು ನೀಲಿ ಜಂಪರಿನವಳ ಸೆರಗು ಹಿಡಿದು, ತಲೆ ತಗ್ಗಿಸಿ, ಧೈರ್ಯವಾಗಿ ಹತ್ತಿಬಿಟ್ಟೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಿದವಳು ಯಾರೋ ಹಣ್ಣಿನ ಬುಟ್ಟಿಯ ಮುದುಕಿ. ಬಸ್ಸು ಸವದತ್ತಿಯದು. ಅವಳು ಕೈಗೊಂದು ಪೇರಲಹಣ್ಣು ಕೊಟ್ಟು, ಕಂಡಕ್ಟರನಿಗೆ ಹೇಳಿ ಇಳಿಸಿದಳು. ರತ್ನಕ್ಕ ಬಸ್ಸಿನ ಹಿಂದೆ ಓಡಿ ಬಂದಿದ್ದಳು. ಅವಳು ಬೈಯಲಿಲ್ಲ, ಅರ್ಧ ಪೇರಲ ತಿಂದಳು.

ಹೀಗೆ ಬೆನ್ನು ಹಿಡಿದು ಹೋದವನು ಹತ್ತನೆಯದು ಮುಗಿಸಿದೆ, ಕಾಲೇಜು ಮುಗಿಸಿದೆ, ನೌಕರಿ ಹಿಡಿದೆ. ಹಿಂದೆ ನೋಡದೆ ಮುಂದೆ ನಡೆದವನು ಎಂದು ನನ್ನ ಬಗ್ಗೆ ನನಗೇ ಒಂದು ಹೆಮ್ಮೆ ಇತ್ತು. ಅದೇ ಹೆಮ್ಮೆಯನ್ನು ಸ್ಕೂಟರಿನ ಮೇಲೆ ಮಗಳ ಮುಂದೆ ಬಿಚ್ಚಿದ್ದು.

ಸುಜಾತಾ ಆಟ ಬಿಟ್ಟು ಎರಡು ವಾರವಾದಾಗ ರತ್ನಕ್ಕ ಬಂದಳು. ಬಿಸಿಲು ಏರಿತೆಂದರೆ ಅವಳು ಊರಿನಿಂದ ಬಂದು ಹದಿನೈದು ದಿನ ಇದ್ದು, ವರ್ಷಕ್ಕಾಗುವಷ್ಟು ಸಂಡಿಗೆ ಹಾಕಿ, ಮೆಣಸಿನಕಾಯಿ ಒಣಗಿಸಿ ಕೊಟ್ಟು ಹೋಗುವುದು ರೂಢಿ. ಊರಲ್ಲಿ ಮಗ ಸೊಸೆ ಮೊಮ್ಮಕ್ಕಳ ನಡುವೆ ಈಗಲೂ ಹೊಲಿಗೆ ಯಂತ್ರ ತುಳಿಯುತ್ತಾಳೆ. ಬಂದ ಮರುದಿನವೇ ಹೆಂಡತಿಯನ್ನು ಕೇಳಿದಳು, "ಹುಡುಗಿ ಯಾಕ ಮುಂಜಾನೆ ಆಟಕ್ಕ ಹೋಗವಲ್ಲದು?" ಹೆಂಡತಿ ನನ್ನ ಕಡೆ ನೋಡಿದಳು. ನಾನು ಪೇಪರಿನ ಕಡೆ ನೋಡಿದೆ.

ಪಂದ್ಯದ ದಿನ ಹೆಂಡತಿ ತನ್ನ ಮೊಬೈಲಿನಲ್ಲಿ ಸ್ವಲ್ಪ ಹಿಡಿದಿಟ್ಟಿದ್ದಳು. ಅಕ್ಕ ಅದನ್ನು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು. ನಾನು ಜ್ಞಾನಿಯಂತೆ ವಿವರಿಸಿದೆ. "ನೋಡಕ್ಕಾ, ಈಗ ಹೋಗಬೇಕಿತ್ತು, ನಿಂತಳು. ಇಲ್ನೋಡು, ಮತ್ತ ನಿಂತಳು."

"ನಿಂತಿಲ್ಲೋ ತಮ್ಮಾ," ಎಂದಳು ಅಕ್ಕ. "ನೋಡಾಕತ್ತಾಳ."

"ಏನ ನೋಡ್ತಾಳ?"

"ಹಾದಿ ನೋಡ್ತಾಳ. ಮುಂದಿನ ಹುಡುಗ್ಯಾರು ಹಾದಿ ಒಂದ ಕಡೆ ಮಾಡ್ಯಾರ, ಈಕಿ ಕಣ್ಣಿಗೆ ಇನ್ನೊಂದ ಕಡೆ ಬಿದ್ದೈತಿ. ಅಲ್ಲಿಗೆ ಹೋಗಾಕ ಹೊಳ್ಳೂದ್ರೊಳಗ ಮೈಮ್ಯಾಲ ಬೀಳ್ತಾರ." ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡಳು. "ನಾನೂ ಹಂಗ ಇದ್ದೆ."

ನನಗೆ ನಗು ಬಂತು. "ನೀನು? ಬಸ್ಸಿನ ಮಂದೀನ ಡಬ್ಬೀಲೆ ತಿವದು ಹೊಕ್ಕಾಕಿ ನೀನು."

"ಅದು ನೀ ಸಂಗಾಟ ಬಂದ ಮ್ಯಾಲ," ಎಂದಳು ಅಕ್ಕ. "ಮೊದಲ ಒಬ್ಬಾಕಿನ ಹೊಕ್ಕಿದ್ನೆಲ್ಲ, ಆವಾಗ ಒಂದು ದಿವಸನೂ ನುಗ್ಗಿಲ್ಲ. ಬೇವಿನ ಗಿಡದ ಕೆಳಗ ನಿಂತಿರ್ತಿದ್ದೆ. ಬಸ್ ಬಂದ ಕೂಡಲೆ ಮಂದಿ ಎಲ್ಲಾ ಬಾಗಲಕ್ಕ ಮುಕರ್ತಿತ್ತು. ಮುಕರಲಿ ಬಿಡು ಅಂತಿದ್ದೆ. ಇಳಿಯಾವರು ಇಳೀಬೇಕಲ್ಲ? ಅವರು ಇಳ್ಯೂ ಮುಂದ ಮಂದಿ ಒಂದ ಕಡೆ ಸರೀತೈತಿ, ಬಾಗಲದ ಬಾಜೂಕ ಇಷ್ಟ ಸಂದಿ ಬೀಳ್ತೈತಿ. ಅದರಾಗ ಹೊಕ್ಕು ಹತ್ತಿಬಿಡ್ತಿದ್ದೆ. ಯಾರ ಮೈಗೂ ಮೈ ತಾಕ್ತಿರಲಿಲ್ಲ. ನಿನ್ನ ಕಟಗೊಂಡ ಮ್ಯಾಲ ಅದು ಆಗಲಿಲ್ಲ. ಒಂದ ಗಳಿಗಿ ನಿಂತ್ರ ನೀ ಅಳ್ತಿದ್ದಿ. ಬಸ್ ಹೊಕ್ಕೈತಿ, ಸಾಲಿ ತಪ್ಪತೈತಿ ಅಂತ. ಅದಕ್ಕ ನುಗ್ಗೂದು ಕಲ್ತೆ."

ಅವಳು ಇದನ್ನು ದೂರುವಂತೆ ಹೇಳಲಿಲ್ಲ. ಹೊಲಿಗೆಯಲ್ಲಿ ಯಾವುದೋ ಹಳೆಯ ಅಳತೆ ನೆನಪಿಸಿಕೊಂಡಂತೆ ಹೇಳಿ, ಅಕ್ಕಿ ನೆನೆಹಾಕಲು ಒಳಗೆ ಹೋದಳು. ನನಗೆ ಪೇಪರಿನ ಅಕ್ಷರ ಕಾಣಲಿಲ್ಲ. ಅಕ್ಕನ ಸ್ವಭಾವವೇ ನುಗ್ಗುವುದು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅದನ್ನು ಎಷ್ಟೋ ಮದುವೆಗಳಲ್ಲಿ, ಎಷ್ಟೋ ಊಟದ ಪಂಕ್ತಿಗಳಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಅವಳೂ ನಗುತ್ತಿದ್ದಳು.

ಮರುದಿನ ಸ್ಕೂಟರಿನ ಬ್ರೇಕ್ ಸರಿಯಿದ್ದರೂ ಸರಿಯಿಲ್ಲವೆಂದು ನೆಪ ಹೇಳಿಕೊಂಡು ನಜೀರ್ ಭಾಯಿಯ ಗ್ಯಾರೇಜಿಗೆ ಹೋದೆ. ಅವನು ಬ್ರೇಕ್ ಒತ್ತಿ ನೋಡಿ, ನನ್ನ ಮುಖ ನೋಡಿ, "ಬ್ರೇಕ್ ಛಲೋ ಐತಲ್ರಿ ಸರ," ಎಂದ. ಅಕ್ಕ ಹೇಳಿದ್ದನ್ನು ಹೇಳಿದೆ. ಅವನು ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಳ್ಳುತ್ತ ಕೇಳಿದ, ಎರಡು ಕೈಯನ್ನೂ ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ.

"ನಾನೂ ಅದನ್ನ ವಿಚಾರ ಮಾಡಾಕತ್ತೇನ್ರಿ," ಎಂದ. "ಆ ಹುಡುಗಿ ಹೆಲ್ಮೆಟ್ ವಾಪಸ್ ಬಂದ ದಿವಸದಿಂದ ನಿದ್ದಿ ಸರಿ ಇಲ್ಲ. ನಿಮ್ಮ ಮನ್ಯಾಗಿನ ಚೆಂಡಿನ ಹವಾ ಹೋಗಿರಬೇಕಲ್ಲ? ರವಿವಾರ ಪಂಪ್ ತಗೊಂಡು ಬರ್ತೇನಿ."

ಬಂದ. ನಾವೆಲ್ಲ ಮಾಳಿಗೆಯ ಮೇಲಿದ್ದೆವು. ಅಕ್ಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಸಿ ಹಿಟ್ಟನ್ನು ಚಮಚದಿಂದ ಸಾಲುಸಾಲಾಗಿ ಬಿಡುತ್ತಿದ್ದಳು, ಸುಜಾತಾ ಪಾತ್ರೆ ಹಿಡಿದು ಅವಳ ಪಕ್ಕ ಕೂತಿದ್ದಳು. ಕೋಚ್ ಸರ್ ಬಂದದ್ದು ಕಂಡು ಎದ್ದು ನಿಂತು, ಮತ್ತೆ ತಲೆ ತಗ್ಗಿಸಿ ಕೂತಳು. ನಾನು ಸ್ಟೂಲ್ ಹಾಕಿ ಕಪಾಟಿನ ಮೇಲಿಂದ ಚೆಂಡು ತಂದುಕೊಟ್ಟೆ. ಅವನು ಅದಕ್ಕೆ ಸೂಜಿ ಚುಚ್ಚಿ ಹವಾ ತುಂಬಿ ಕೆಳಗಿಟ್ಟ. ಅದು ತನ್ನ ಜಾತಕಕ್ಕೆ ತಕ್ಕಂತೆ ವಾರೆಯಾಗಿ ಉರುಳಿ ಹಸಿ ಸಂಡಿಗೆಯ ಮೇಲೆ ಹೋಗಿ ಬಿತ್ತು. "ನಿನ್ನ ಚೆಂಡಿಗೆ ನಡೀಲಿಕ್ಕೂ ಬರೂದಿಲ್ಲಲ್ಲಪ್ಪಾ," ಎಂದು ಅಕ್ಕ ಅದನ್ನು ಹಿಟ್ಟಿನ ಕೈಯಿಂದಲೇ ಎತ್ತಿ ಬದಿಗಿಟ್ಟಳು. ಲೇಸಿನೊಳಗೆ ಹೊಕ್ಕಿದ್ದು ಆಗ.

ನಜೀರ್ ಭಾಯಿ ಸುಜಾತಾಗೆ ಏನೂ ಹೇಳಲಿಲ್ಲ. ಅಕ್ಕನ ಎದುರು ಕುಕ್ಕುರುಗಾಲಲ್ಲಿ ಕೂತು, ಬುಟ್ಟಿಯಿಂದ ನಿನ್ನೆ ಒಣಗಿದ ಐದು ಸಂಡಿಗೆ ತೆಗೆದು ಸಾಲಾಗಿ ಇಟ್ಟ. ಅವುಗಳ ಎದುರು ಬ್ಯಾಡಗಿ ಮೆಣಸಿನಕಾಯಿಯ ಒಂದು ಸಾಲು. ಹಿಂದೆ ಒಂದು ಶೇಂಗಾ ಕಾಳು.

"ಅಕ್ಕಾರ, ಸಂಡಿಗಿ ನಮ್ಮ ಹುಡುಗ್ಯಾರು, ಮೆಣಸಿನಕಾಯಿ ಬೆಳಗಾಂವದವರು. ಶೇಂಗಾ ಓಡಾಕಿ. ಈಗ ಲಕ್ಷ್ಮಿ ಆಟ ನೋಡ್ರಿ. ಹಾದಿ ಎಲ್ಲಿ ಅಂತ ಮೊದಲ ಠರಾವು ಆಗಿರ್ತೈತಿ." ಬಲಗಡೆಯ ಎರಡು ಸಂಡಿಗೆಯಿಂದ ಎದುರಿನ ಮೆಣಸಿನಕಾಯಿಗಳನ್ನು ಒಳಕ್ಕೆ ಒತ್ತಿದ. ಎಡತುದಿಯ ಸಂಡಿಗೆಯನ್ನು ಹಿಂದಕ್ಕೆ ಎಳೆದು, ಸಾಲಿನ ಬೆನ್ನಿಗೇ ಜಾರಿಸಿ, ಬಲಗಡೆ ಬಿದ್ದ ಸಂದಿಯೊಳಗೆ ನೂಕಿದ. "ಈಕಿ ಮುಂದ ಹೊಕ್ಕು ಎದುರಿಗೆ ಬಂದಾಕೀನ ಒತ್ತತಾಳ. ಓಡಾಕಿ ಈಕಿ ಬೆನ್ನ ಹಿಡದು ಸೀದಾ ಹೋಗಬೇಕು. ವಿಚಾರ ಮಾಡಾಕ ಹೊತ್ತಿಲ್ಲ. ತಡಾ ಮಾಡಿದ್ರ ಬಾಗಲಾ ಮುಚ್ಚತೈತಿ."

"ಬಸ್ಸಿಗೆ ನಾ ಇವನ್ನ ಒಯ್ದಂಗ," ಎಂದಳು ಅಕ್ಕ. ನಾನು ಮೆಣಸಿನಕಾಯಿ ನೋಡಿದೆ.

"ಇನ್ನೊಂದು ತರಾ ಐತಿ." ಐದೂ ಸಂಡಿಗೆಯನ್ನು ಮತ್ತೆ ಸಾಲು ಮಾಡಿ, ಅಂಗೈಯಿಂದ ಎಲ್ಲವನ್ನೂ ಒಟ್ಟಿಗೆ ಓರೆಯಾಗಿ ಬಲಕ್ಕೆ ಸರಿಸಿದ. "ಇಲ್ಲಿ ಯಾರೂ ಯಾರ ಮುಂದನೂ ಓಡೂದಿಲ್ಲ. ಐದೂ ಮಂದಿ ಕೂಡಿ ಬಾಜೂಕ ಸರೀತಾರ. ಎದುರಿನಾಕಿ ಎತ್ತ ಹೋಗಾಕತ್ತಾಳೋ ಅತ್ತಾಗ ಇನ್ನಷ್ಟು ನೂಕತಾರ. ಹಂಗ ಸರಕೋತ ಎಲ್ಲೋ ಒಂದ ಕಡೆ ಸಂದಿ ಬೀಳ್ತೈತಿ. ಎಲ್ಲಿ ಅಂತ ನನಗೂ ಗೊತ್ತಿರೂದಿಲ್ಲ. ಓಡಾಕಿನ ನೋಡಬೇಕು." ಮೆಣಸಿನಕಾಯಿಗಳನ್ನೂ ಬಲಕ್ಕೆ ಎಳೆದ. ಒಂದೆರಡು ಮುಂದೆ ಓಡಿದವು, ಒಂದೆರಡು ಹಿಂದೆ ಉಳಿದವು.

ಅಕ್ಕ ಚಮಚ ಕೆಳಗಿಟ್ಟಳು. ಶೇಂಗಾ ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬಲಕ್ಕೆ ಒಂದಿಷ್ಟು ಒಯ್ದು, ಅಲ್ಲಿಂದ ಹೊರಳಿಸಿ ಎಡಗಡೆ ನಡುವಿನ ಖಾಲಿ ಜಾಗದಲ್ಲಿ ಇಟ್ಟಳು. ಅದೇ ಗಳಿಗೆಗೆ ಸುಜಾತಾಳ ಬೆರಳೂ ಅದೇ ಜಾಗಕ್ಕೆ ಬಂದು ನಿಂತಿತ್ತು.

"ಎಲ್ಲಾರೂ ಆ ಕಡೆ ಹ್ವಾದ್ರಲ್ಲ, ಹಿಂದ ಜಾಗಾ ಆಗೂದ," ಎಂದಳು ಅಕ್ಕ.

ನಜೀರ್ ಭಾಯಿ ಅಕ್ಕನನ್ನೂ ಮಗಳನ್ನೂ ಬದಲಿಸಿ ಬದಲಿಸಿ ನೋಡಿದ. "ನನಗ ಇದು ತಿಳಿಯಾಕ ಎರಡು ವರ್ಷ ಹಿಡದಿತ್ರಿ ಅಕ್ಕಾರ," ಎಂದ. ನಾನು ಮಧ್ಯೆ ಬಾಯಿ ಹಾಕಿ, ಲಕ್ಷ್ಮಿ ಈ ಎರಡನೆಯ ರೀತಿಯಲ್ಲಿ ಓಡಿದರೆ ಏನಾಗುತ್ತದೆ ಎಂದು ಕೇಳಿದೆ. "ತಮ್ಮ ಮಂದಿ ಬೆನ್ನಿಗೇ ಡಿಕ್ಕಿ ಹೊಡಿತಾಳ್ರಿ. ಆಕೀನೂ ಛಲೋ ಓಡಾಕಿ, ಈಕೀನೂ ಛಲೋ ಓಡಾಕಿ. ನಾ ಆಕಿ ಹಾದಿ ಈಕಿಗೆ ಕೊಟ್ಟೆ. ತಪ್ಪು ನಂದು."

"ಒಬ್ಬರ ಅಳತಿಗೆ ಹೊಲದ ಜಂಪರ ಇನ್ನೊಬ್ಬರಿಗೆ ಹೆಂಗ ಕೂಡ್ತೈತಿ?" ಎಂದು ಅಕ್ಕ ಮತ್ತೆ ಚಮಚ ಎತ್ತಿಕೊಂಡಳು.

ಸುಜಾತಾ ಆಗ ಮೊದಲ ಸಲ ಬಾಯಿ ಬಿಟ್ಟಳು. "ಹಂಗಾರ ಎಲ್ಲಾರೂ ಹೊಸದಾಗಿ ಕಲೀಬೇಕಾಗ್ತೈತಲ್ರಿ ಸರ್. ನನ್ನೊಬ್ಬಾಕಿ ಸಲುವಾಗಿ."

"ಲಕ್ಷ್ಮಿ ಒಬ್ಬಾಕಿ ಸಲುವಾಗಿ ಕಲ್ತಿದ್ರಲ್ಲ ಬೇಟಾ," ಎಂದ ನಜೀರ್ ಭಾಯಿ. "ಆದ್ರ ಒಂದು ಮಾತು. ನೋಡೂದು ಖರೇ, ನೋಡಕೋತ ಕುಂದ್ರೂದಲ್ಲ. ಎರಡ ಹೆಜ್ಜಿ ಬಾಜೂಕ, ಕಣ್ಣ ಮುಂದ. ಸಂದಿ ಕಂಡ ಕೂಡಲೆ ಒಮ್ಮೆ ಹೊಳ್ಳೂದು, ಹೋಗೂದು. ಎರಡನೇ ಸಲ ಹೊಳ್ಳೂ ಹಂಗಿಲ್ಲ."

ಅವನು ಹೋದ ಮೇಲೆ ಸಂಜೆ ಹಾಳೆ ಮಡಿಸಿಕೊಂಡು ಮೆಟ್ಟಿಲು ಇಳಿಯುವಾಗ ಮಗಳಿಗೆ, "ಅವತ್ತ ಸ್ಕೂಟರ್ ಮ್ಯಾಲ ನಾ ತಪ್ಪ ಮಾತಾಡಿದೆ," ಎಂದೆ. ಅವಳು ಹಾಳೆಯ ಇನ್ನೊಂದು ತುದಿ ಹಿಡಿದಿದ್ದಳು. "ಗೊತ್ತೈತಿ," ಎಂದಳು. ಸ್ವಲ್ಪ ಇಳಿದ ಮೇಲೆ, "ನಾಳೆ ಐದೂವರಿಗೆ ಎಬ್ಬಿಸು," ಎಂದಳು. ಆ ರಾತ್ರಿ ನಾನು ಹೊಟ್ಟೆತುಂಬ ಉಂಡೆ.

ಅಕ್ಕ ಹದಿನೈದು ದಿನಕ್ಕೆಂದು ಬಂದವಳು ತಿಂಗಳು ಉಳಿದಳು. ಸಂಡಿಗೆಯ ಹಿಟ್ಟು ಮುಗಿದಿತ್ತು, ಹಪ್ಪಳವೂ ಆಗಿತ್ತು, ಆದರೂ "ಇನ್ನ ಸ್ವಲ್ಪ ಶ್ಯಾವಿಗಿ ಮಾಡಿ ಹೋಗ್ತೇನಿ" ಎನ್ನುತ್ತಿದ್ದಳು. ಬೆಳಗಾವಿಯ ಹುಡುಗಿಯರು ಮತ್ತೆ ಆಡಲು ಬಂದ ದಿನ ಅವಳು ಇಳಕಲ್ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದಳು. ಕಾಲಿಗೆ ಪಟ್ಟಿ ಸುತ್ತಿಕೊಂಡ ಲಕ್ಷ್ಮಿ ಅಂಚಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಮೊದಲ ಸಲ ಚೆಂಡು ಸುಜಾತಾಳ ಕೈಗೆ ಬಂತು. ಐದೂ ಹುಡುಗಿಯರು ಒಂದೇ ಸಲಕ್ಕೆ ಬಲಕ್ಕೆ ಸರಿದರು. ಸುಜಾತಾ ಒಂದು ಹೆಜ್ಜೆ, ಎರಡು ಹೆಜ್ಜೆ ಅವರ ಸಂಗಡ ಬಲಕ್ಕೆ ಹೋದಳು. ನಿಂತಳು. ನನ್ನ ಬಾಯಿ ತಾನಾಗಿ ತೆರೆಯಿತು. "ಹೋಗ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದು ಒತ್ತಿದಳು, ಹೊಲಿಗೆಯವಳ ಬೆರಳು, ಇಕ್ಕಳದಂತೆ. ಬೆಳಗಾವಿಯವರೆಲ್ಲ ಬಲಕ್ಕೆ ಓಡಿದರು. ಮಗಳು ಬಲಗಾಲು ಊರಿ ಎಡಕ್ಕೆ ಹೊರಳಿದಳು. ಆಮೇಲೆ ಅವಳ ಮುಂದೆ ಹುಲ್ಲು ಮಾತ್ರ ಇತ್ತು. ನಾನು ಏಳಲಿಲ್ಲ, ಕೂಗಲಿಲ್ಲ. ಕಣ್ಣಲ್ಲಿ ನೀರು ಬಂದು ಅರ್ಧ ಓಟ ಕಾಣಲಿಲ್ಲ. ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು.

ಪಂದ್ಯ ಸೋತರು. ಅದು ಯಾರಿಗೂ ಅಷ್ಟು ನೆನಪಿಲ್ಲ. ಸುಜಾತಾ ಬಂದು ಮಣ್ಣಿನ ಕೈಯಿಂದ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಲಕ್ಷ್ಮಿಯ ಕಾಲು ಈಗ ನೆಟ್ಟಗಾಗಿದೆ. ಅವಳು ಒಳಗೆ ಬಂದರೆ ಹುಡುಗಿಯರು ಒಂದು ರೀತಿ ಹಾದಿ ಮಾಡುತ್ತಾರೆ, ಇವಳು ಬಂದರೆ ಇನ್ನೊಂದು ರೀತಿ. ಎರಡನ್ನೂ ಕಲಿಯುವ ಕಷ್ಟ ಆ ಐದು ಜನರದು. ಅವರ ಹೆಸರು ಒಂದೊಂದಾಗಿ ಈಗ ನನಗೆ ಬಾಯಿಪಾಠ ಬರುತ್ತದೆ, ಮನೆಗೆ ಬಂದರೆ ಅವರಿಗೆ ಮೊದಲು ಚಹಾ.

ಎರಡು ದಿನ ಬಿಟ್ಟು ಅಕ್ಕನನ್ನು ಊರಿಗೆ ಕಳಿಸಲು ಧಾರವಾಡದ ನಿಲ್ದಾಣಕ್ಕೆ ಹೋದೆ. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ ಇದು. ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದ ಹೆಂಗಸರ ಜಾತ್ರೆಯೇ ಸೇರಿತ್ತು. ಉಪ್ಪಿನಬೆಟಗೇರಿಯ ಬಸ್ಸು ತಿರುವಿನಲ್ಲಿ ಕಾಣಿಸಿದ್ದೇ ತಡ, ಮಂದಿ ಅದರ ಜೊತೆಜೊತೆಗೇ ಓಡತೊಡಗಿದರು. ನಾನು ಕಿಟಕಿಯಿಂದ ಸೀಟಿನ ಮೇಲೆ ಎಸೆಯಲು ಕರವಸ್ತ್ರ ತೆಗೆದು, ಚೀಲ ಎದೆಗೆ ಅವಚಿ, "ನನ್ನ ಹಿಂದ ಬಾ ಅಕ್ಕಾ," ಎಂದು ಹೊರಟೆ. ಇಷ್ಟು ವರ್ಷದ ಋಣ, ಈಗಲಾದರೂ ನಾನು ಮುಂದೆ ನಡೆದು ಹಾದಿ ಮಾಡಿಕೊಡಬೇಕು ಎಂದು ಬೆಳಗಿನಿಂದ ಲೆಕ್ಕ ಹಾಕಿಕೊಂಡೇ ಬಂದಿದ್ದೆ.

ಹಿಂದಿನಿಂದ ಅಂಗಿ ಜಗ್ಗಿತು. "ತಮ್ಮಾ, ಮುಂದ ಹೋಗಬ್ಯಾಡ," ಎಂದಳು ಅಕ್ಕ. "ಬಾಜೂಕ ನಿಲ್ಲು."

ನಿಂತೆ. ಒಂದು ಕ್ಷಣ ನಿಲ್ಲುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಕಾಲು ತಾವಾಗಿಯೇ ಕುಣಿಯುತ್ತಿದ್ದವು. ಎಲ್ಲರೂ ಬಾಗಿಲಿಗೆ ಮುಕರಿದ್ದರು, ಕಂಡಕ್ಟರ್ ಒಳಗಿನಿಂದ ಬೈಯುತ್ತಿದ್ದ. ನಾನು ಅಕ್ಕನ ಕಡೆ ತಿರುಗಿದೆ. ಬಸ್ಸು ಹತ್ತುವ ಹೊತ್ತಿನಲ್ಲಿ ನಾನು ಜೀವಮಾನವಿಡೀ ನೋಡಿದ್ದು ಅವಳ ಬೆನ್ನು. ಅವಳ ಮುಖ ಹೇಗಿರುತ್ತದೆಂದು ಅಂದು ಮೊದಲ ಸಲ ನೋಡಿದೆ. ಆತುರವಿರಲಿಲ್ಲ. ತುಟಿ ಸ್ವಲ್ಪ ಬಿರಿದಿತ್ತು, ಕಣ್ಣು ಬಾಗಿಲಿನ ಮೇಲಿತ್ತು. ಹೆಲ್ಮೆಟ್ಟಿನ ಸರಳಿನ ಹಿಂದೆ ಮಗಳ ಕಣ್ಣು ಕೂಡ ಹೀಗೇ ಇದ್ದಿರಬೇಕು.

ಗೋಣಿಚೀಲ ಹೊತ್ತ ಒಬ್ಬ ಮುದುಕ ಇಳಿದ. ಅವನಿಗೆ ದಾರಿ ಬಿಡಲು ಮಂದಿ ಎಡಕ್ಕೆ ವಾಲಿತು. ಬಾಗಿಲ ಬದಿಗೆ ಒಂದು ಸಂದಿ ಬಿತ್ತು, ಒಬ್ಬರು ಓರೆಯಾಗಿ ಹೋಗುವಷ್ಟು. ಪಕ್ಕಕ್ಕೆ ತಿರುಗಿದರೆ ಅಕ್ಕ ಇರಲಿಲ್ಲ.

ಚೀಲ ಹಿಡಿದು ಬಸ್ಸಿನ ಬದಿಗೆ ಓಡಿದೆ. ಮೂರನೆಯ ಕಿಟಕಿಯಲ್ಲಿ ಆಗಲೇ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಸರಳಿನ ಮೇಲಿದ್ದ ಅವಳ ಕೈಯ ಮೇಲೆ ಕೈಯಿಟ್ಟೆ. ಬಸ್ಸು ಹೊರಟಿತು. ಅಕ್ಕ ಕಿಟಕಿಯಿಂದ ಬಗ್ಗಿ ಹೇಳಿದಳು:

"ಸುಜಾತಾಗ ಹೇಳು, ನಾನೂ ನಿಂತಿದ್ದೆ ಅಂತ."